ನರ್ಸಿಂಗ್ ಸೀಟು, ಸಾಲ, ಸಂಬಳ: ಹಾಸನ–ಚಿಕ್ಕಮಗಳೂರು ಕಡೆಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಬೇಲೂರಿನಿಂದ ಚಿಕ್ಕಪ್ಪನ ಮಗಳು, ಮೂಡಿಗೆರೆಯಿಂದ ಎಸ್ಟೇಟ್ ಲೈನಿನಲ್ಲಿರುವ ಗೆಳತಿಯ ತಮ್ಮ, ಅರಸೀಕೆರೆಯಿಂದ ಯಾರೋ ಪರಿಚಯದವರ ಪರಿಚಯದವರು. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ನಾನು ಜಿಎನ್‌ಎಂ (ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ) ಮಾಡಿ, ಕೆಲಸಕ್ಕೆ ಸೇರಿ, ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ (ಡಿಪ್ಲೊಮಾ ಆದವರು ಮಾಡುವ ಎರಡು ವರ್ಷದ ಪದವಿ) ಮಾಡಿದವಳು. ಸಾಲ ಮಾಡಿಯೇ ಓದಿದೆ, ಸಾಲ ತೀರಿಸಿದ್ದೂ ನಾನೇ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಕ್ಕ, ನರ್ಸಿಂಗ್ ಓದಿದರೆ ಕೆಲಸ ಗ್ಯಾರಂಟಿ ಅಲ್ವಾ? ಮತ್ತೆ ಸಾಲಕ್ಕೆ ಯಾಕೆ ಹೆದರಬೇಕು?

ಕೆಲಸ ಸಿಗುತ್ತದೆ, ಅದು ನಿಜ. ಆದರೆ ಎಷ್ಟು ಸಂಬಳಕ್ಕೆ ಸಿಗುತ್ತದೆ ಅನ್ನುವುದೇ ಬೇರೆ ಪ್ರಶ್ನೆ. ನಾನು ನೋಡಿದ ಮನೆಗಳಲ್ಲಿ ಸಾಲದಿಂದ ಕಷ್ಟಕ್ಕೆ ಬಿದ್ದವರು ಕೆಲಸ ಸಿಗದವರಲ್ಲ. ಕೆಲಸ ಸಿಕ್ಕಿತ್ತು, ಮೊದಲ ಮೂರು ವರ್ಷದ ಸಂಬಳ ಕಂತಿಗೆ ಸಾಲದೆ ಅಪ್ಪನ ಕೈಯಿಂದ ಮತ್ತೆ ದುಡ್ಡು ಹೋಯಿತು, ಅಷ್ಟೇ. ಹಾಗಾಗಿ ಹತ್ತು ವರ್ಷ ಆದಮೇಲೆ ಎಷ್ಟು ಬರುತ್ತದೆ ಅಂತ ಕೇಳಬೇಡಿ. ಮೊದಲ ಸಂಬಳ ಎಷ್ಟು, ಮೊದಲ ಕಂತು ಎಷ್ಟು, ಈ ಎರಡನ್ನೇ ಎದುರುಬದುರು ಇಡಿ.

ನಾನು ಎಲ್ಲರಿಗೂ ಹೇಳುವ ಅಳತೆ ಇದು: ಕಂತು ಮೊದಲ ಸಂಬಳದ ಕಾಲು ಭಾಗ ದಾಟಬಾರದು. ಕೈಗೆ ಬರುವ ಸಂಬಳದ ಕಾಲು ಭಾಗ, ಆರ್ಡರ್ ಕಾಪಿಯಲ್ಲಿ ಬರೆದ ಸಂಬಳದ್ದಲ್ಲ. ಪಿಎಫ್ ಹಿಡಿದುಕೊಳ್ಳುತ್ತಾರೆ, ಹಾಸ್ಟೆಲ್ ಕೊಟ್ಟರೆ ಅದಕ್ಕೂ ಹಿಡಿಯುತ್ತಾರೆ.

ಮೊದಲ ಸಂಬಳ ಎಷ್ಟು ಅಂತ ಹಿಡಿಯಲಿ?

ನಮ್ಮ ಕಡೆ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಹೊಸಬರಿಗೆ 12ರಿಂದ 15 ಸಾವಿರ ಅಂತ ನನ್ನ ಜೊತೆಯವರು ಹೇಳುವುದನ್ನೇ ಕೇಳುತ್ತಾ ಬಂದಿದ್ದೇನೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ 18, 20, ಕೆಲವು ಕಡೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಅಲ್ಲಿ ಪಿಜಿ ಬಾಡಿಗೆ, ಊಟ, ಊರಿಗೆ ಬಂದು ಹೋಗುವ ಬಸ್ಸು ಕಳೆದರೆ ಉಳಿಯುವುದು ಹಾಸನದಲ್ಲಿ ಮನೆಯಿಂದ ಓಡಾಡುವವಳಿಗಿಂತ ಹೆಚ್ಚೇನಿಲ್ಲ.

ಇಲ್ಲಿ ನನಗೆ ನೋವಿರುವ ಒಂದು ವಿಷಯ ಹೇಳಲೇಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20 ಸಾವಿರಕ್ಕಿಂತ ಕಡಿಮೆ ಇರಬಾರದು, 200 ಹಾಸಿಗೆ ದಾಟಿದ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು ಅಂತ ಆ ಸಮಿತಿ ಶಿಫಾರಸು ಮಾಡಿತು. ಅದು 2016ರ ಮಾತು. ನಮ್ಮ ಊರುಗಳಲ್ಲಿ ಇವತ್ತಿಗೂ 20 ಸಾವಿರ ಅಂದರೆ ಒಳ್ಳೆಯ ಸಂಬಳ ಅನ್ನುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಹದಿನೈದು ರೋಗಿಗಳನ್ನು ನೋಡಿಕೊಳ್ಳುವವಳಿಗೆ ಇದು ನ್ಯಾಯವಲ್ಲ. ಆದರೆ ಸಾಲದ ಲೆಕ್ಕ ಹಾಕುವಾಗ ಸಿಗಬೇಕಾದ ಸಂಬಳ ಹಿಡಿಯಬೇಡಿ, ಸಿಗುತ್ತಿರುವ ಸಂಬಳ ಹಿಡಿಯಿರಿ.

4 ಲಕ್ಷ ಸಾಲ ಅಂದರೆ ಕೊನೆಗೆ ಎಷ್ಟು ಕಟ್ಟುತ್ತೇವೆ?

ಪೆನ್ನು ತೆಗೆದುಕೊಂಡು ಕೂತುಕೊಳ್ಳಿ. ಬಿ.ಎಸ್ಸಿ ನರ್ಸಿಂಗ್ 4 ವರ್ಷ. ವರ್ಷಕ್ಕೆ 1 ಲಕ್ಷದ ಹಾಗೆ ಬ್ಯಾಂಕ್ ಕೊಡುತ್ತದೆ ಅಂದುಕೊಳ್ಳಿ. ಬಡ್ಡಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಲೆಕ್ಕ ಸುಲಭವಾಗಲಿ ಅಂತ ಶೇ. 10 ಹಿಡಿಯೋಣ. ಓದುವಾಗ ಮತ್ತು ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ತುಂಬಾ ಜನ ಇದನ್ನು ಕೇಳಿ 'ಅಲ್ಲಿವರೆಗೆ ಬಡ್ಡಿ ಇಲ್ಲ' ಅಂದುಕೊಳ್ಳುತ್ತಾರೆ. ಬಡ್ಡಿ ಇದೆ. ಸರಳ ಬಡ್ಡಿ, ಆದರೂ ಬಡ್ಡಿಯೇ.

ಮೊದಲ ವರ್ಷ ತೆಗೆದುಕೊಂಡ 1 ಲಕ್ಷಕ್ಕೆ 5 ವರ್ಷದ ಬಡ್ಡಿ 50 ಸಾವಿರ. ಎರಡನೇ ಲಕ್ಷಕ್ಕೆ 40 ಸಾವಿರ, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20. ಒಟ್ಟು 1 ಲಕ್ಷ 40 ಸಾವಿರ. ಅಂದರೆ ಕಂತು ಶುರುವಾಗುವ ದಿನ ನಿಮ್ಮ ಸಾಲ 4 ಲಕ್ಷ ಅಲ್ಲ, 5 ಲಕ್ಷ 40 ಸಾವಿರ. ಅದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,136 ರೂಪಾಯಿ, ಒಟ್ಟು 8 ಲಕ್ಷ 56 ಸಾವಿರ. 15 ವರ್ಷಕ್ಕೆ ಎಳೆದರೆ ಕಂತು ಸುಮಾರು 5,800ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 10 ಲಕ್ಷ 44 ಸಾವಿರ ದಾಟುತ್ತದೆ.

ಈಗ 15 ಸಾವಿರ ಸಂಬಳದ ಪಕ್ಕ ಆ 7,136 ಇಟ್ಟು ನೋಡಿ. ಹತ್ತಿರ ಹತ್ತಿರ ಅರ್ಧ.

ಓದುವಾಗಲೇ ತಿಂಗಳ ಬಡ್ಡಿ ಕಟ್ಟಿಕೊಂಡು ಬಂದರೆ ಮೊದಲ ವರ್ಷ 833, ಎರಡನೇ ವರ್ಷ 1,667, ಮೂರನೇ ವರ್ಷ 2,500, ಆಮೇಲೆ 3,333 ಆಗುತ್ತದೆ. ಹಾಗೆ ಮಾಡಿದರೆ ಕಂತು 5,286ಕ್ಕೆ ನಿಲ್ಲುತ್ತದೆ, ಒಟ್ಟಿನಲ್ಲಿ ಸುಮಾರು 82 ಸಾವಿರ ಉಳಿಯುತ್ತದೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ದುಡ್ಡಾಡುವ ಫೆಬ್ರವರಿ–ಮಾರ್ಚ್‌ನಲ್ಲಿ ವರ್ಷದ ಬಡ್ಡಿ ಒಟ್ಟಿಗೆ ಕಟ್ಟಿದರೂ ನಡೆಯುತ್ತದೆ. ನಮ್ಮ ಅಪ್ಪ ಎರಡು ವರ್ಷ ಹಾಗೆ ಕಟ್ಟಿದರು. ಮೂರನೇ ವರ್ಷ ಶುಂಠಿಗೆ ಕೊಳೆರೋಗ ಬಂತು, ನಿಂತುಹೋಯಿತು. ಆದರೂ ಆ ಎರಡು ವರ್ಷ ಕಟ್ಟಿದ್ದು ನನಗೆ ಆಮೇಲೆ ಎಷ್ಟು ಉಸಿರು ಕೊಟ್ಟಿತು ಅಂತ ನನಗೇ ಗೊತ್ತು.

ಹಾಗಾದರೆ ಎಷ್ಟು ಸಾಲ ಮಾಡಬಹುದು? ಒಂದು ನಂಬರ್ ಹೇಳಿ.

ಕಾಲು ಭಾಗದ ಅಳತೆಯಿಂದ ಹಿಂದಕ್ಕೆ ಬನ್ನಿ. ಬಿ.ಎಸ್ಸಿ ಮಾಡಿ 20 ಸಾವಿರ ಸಂಬಳ ಅಂದುಕೊಂಡರೆ ಕಂತು 5 ಸಾವಿರ. ಅದೇ ಶೇ. 10, ಅದೇ 10 ವರ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 70 ಸಾವಿರ ಸಾಲ ತಡೆಯುತ್ತದೆ. ಜಿಎನ್‌ಎಂ ಮಾಡಿ 15 ಸಾವಿರ ಅಂದುಕೊಂಡರೆ ಕಂತು 3,750, ಓದು 3 ವರ್ಷ. ಆಗಲೂ ವರ್ಷಕ್ಕೆ 70 ಸಾವಿರದ ಆಸುಪಾಸೇ ಬರುತ್ತದೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಗಿತ್ತು.

ಇದು ಸಾಲದ ಮಿತಿ, ಫೀಸಿನ ಮಿತಿ ಅಲ್ಲ. ಅದಕ್ಕಿಂತ ಜಾಸ್ತಿ ಖರ್ಚು ಬಂದರೆ ಉಳಿದದ್ದು ಸ್ಕಾಲರ್‌ಶಿಪ್‌ನಿಂದಲೋ ಮನೆಯ ಕೈಗಾವಲಿನ ದುಡ್ಡಿನಿಂದಲೋ ಬರಬೇಕು. ಎಲ್ಲಿಂದಲೂ ಬರದಿದ್ದರೆ ಆ ಕಾಲೇಜು ನಿಮ್ಮ ಮನೆಗೆ ದುಬಾರಿ.

ಜಿಎನ್‌ಎಂ ಮಾಡಲೋ, ಬಿ.ಎಸ್ಸಿ ಮಾಡಲೋ?

ಸರ್ಕಾರಿ ಕೋಟಾದಲ್ಲಿ ಬಿ.ಎಸ್ಸಿ ಸೀಟು ಸಿಕ್ಕರೆ ಯೋಚನೆಯೇ ಬೇಡ, ಬಿ.ಎಸ್ಸಿ ಮಾಡಿ. ಪಿಯುಸಿಯಲ್ಲಿ ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಓದಿದವರು ಸಿಇಟಿ ಪ್ರವೇಶ ಪರೀಕ್ಷೆ ಬರೆದು, ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಹೋಗುವುದು ಇದಕ್ಕೇ. ಸರ್ಕಾರಿ ಕಾಲೇಜಿನ ಫೀಸು ಖಾಸಗಿಯ ಪಕ್ಕದಲ್ಲಿ ಇಟ್ಟರೆ ಏನೂ ಅಲ್ಲ. 'ನರ್ಸಿಂಗ್‌ಗೆ ಏನು ಸಿಇಟಿ' ಅಂತ ಬರೆಯದೇ ಇದ್ದು, ಆಮೇಲೆ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕೊಟ್ಟವರನ್ನು ನೋಡಿದ್ದೇನೆ. ಸಂಕಟವಾಗುತ್ತದೆ.

ಪ್ರಶ್ನೆ ಬರುವುದು ಖಾಸಗಿ ಬಿ.ಎಸ್ಸಿ ಮತ್ತು ಖಾಸಗಿ ಜಿಎನ್‌ಎಂ ನಡುವೆ. ಜಿಎನ್‌ಎಂಗೆ ಸೈನ್ಸೇ ಓದಿರಬೇಕು ಅಂತಿಲ್ಲ, ಆರ್ಟ್ಸ್, ಕಾಮರ್ಸ್‌ನವರೂ ಸೇರಬಹುದು. ಒಂದು ವರ್ಷ ಮುಂಚೆ ದುಡಿಮೆ ಶುರುವಾಗುತ್ತದೆ. ಕೆಲಸ ಮಾಡಿ ಸ್ವಲ್ಪ ಕೂಡಿಟ್ಟು ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಮಾಡಿದರೆ ಬಿ.ಎಸ್ಸಿ ಪದವಿಯೂ ಕೈಗೆ ಬರುತ್ತದೆ. ನಾನು ಮಾಡಿದ್ದು ಇದೇ. ಒಟ್ಟು 5 ವರ್ಷದ ಓದು ಆಗುತ್ತದೆ, ಹೌದು, ಒಂದು ವರ್ಷ ಹೆಚ್ಚೇ. ಆದರೆ ಎರಡನೇ ಓದಿನ ಖರ್ಚಿನಲ್ಲಿ ನನ್ನದೇ ದುಡಿಮೆಯ ಪಾಲಿತ್ತು.

ಬಿ.ಎಸ್ಸಿಯ ಲಾಭ ಬೇರೆ ಕಡೆ ಇದೆ. ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ತೆಗೆದುಕೊಳ್ಳಲು ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ ಮಾಡಿದವರು ನೇರವಾಗಿ ಕೂರಬಹುದು, ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಪಾಠ ಹೇಳುವ ಕೆಲಸಕ್ಕೆ, ಎಂ.ಎಸ್ಸಿಗೆ ಬಿ.ಎಸ್ಸಿಯೇ ದಾರಿ. ಆದರೆ ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ಇಬ್ಬರೂ ಒಂದೇ ವಾರ್ಡು, ಒಂದೇ ಪಾಳಿ, ಸಂಬಳದಲ್ಲಿ ಒಂದೆರಡು ಸಾವಿರದ ವ್ಯತ್ಯಾಸ. ಮದುವೆಯಾಗಿ ಹಾಸನದಲ್ಲೇ ಇರುತ್ತೇನೆ, ದೊಡ್ಡ ಪರೀಕ್ಷೆ ಬರೆಯುವ ಆಸೆ ಇಲ್ಲ ಅನ್ನುವವಳು ಬಿ.ಎಸ್ಸಿಗೆ ಅಂತ 5 ಲಕ್ಷ ಸಾಲ ಮಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕಾಲೇಜಿನವರು ವರ್ಷಕ್ಕೆ ಇಷ್ಟೇ ಫೀಸು ಅಂದಿದ್ದಾರೆ. ನಂಬಬಹುದಾ?

ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ನಾನು ಸೇರಿದ ಕಾಲೇಜಿನಲ್ಲಿ ಮೊದಲು ಹೇಳಿದ ಫೀಸು ಒಂದು. ಆಮೇಲೆ ಯೂನಿಫಾರ್ಮ್‌ಗೆ ಬೇರೆ, ಪರೀಕ್ಷಾ ಫೀಸು ಬೇರೆ, ಲ್ಯಾಬ್‌ಗೆ ಬೇರೆ, ಕ್ಲಿನಿಕಲ್ ಪೋಸ್ಟಿಂಗ್‌ಗೆ (ಆಸ್ಪತ್ರೆಯಲ್ಲಿ ಕೆಲಸ ಕಲಿಯಲು) ಕರೆದುಕೊಂಡು ಹೋಗುವ ಬಸ್ಸಿಗೆ ಬೇರೆ. ಸೈಕಿಯಾಟ್ರಿ ಪೋಸ್ಟಿಂಗ್‌ಗೆ ಹೊರ ಊರಿಗೆ ಕಳಿಸಿದಾಗ ಅಲ್ಲಿ ಉಳಿಯುವ ಖರ್ಚೂ ನಮ್ಮದೇ. ಅಪ್ಪ ಪ್ರತಿ ಸಲ ಫೋನಿನಲ್ಲಿ 'ಈಗ ಇನ್ನೆಷ್ಟಮ್ಮ?' ಅಂತ ಕೇಳುತ್ತಿದ್ದ ದನಿ ಇನ್ನೂ ಕಿವಿಯಲ್ಲಿದೆ.

ಎಲ್ಲ ವರ್ಷದ ಎಲ್ಲ ಖರ್ಚೂ ಇರುವ ಪಟ್ಟಿಯನ್ನು ಲೆಟರ್‌ಹೆಡ್ ಮೇಲೆ ಸೀಲ್ ಹಾಕಿಸಿ ತೆಗೆದುಕೊಳ್ಳಿ. ಬ್ಯಾಂಕಿಗೂ ಅದು ಬೇಕೇ ಬೇಕು. ಅದರಲ್ಲಿ ಬರೆಯದ ಖರ್ಚಿಗೆ ಬ್ಯಾಂಕ್ ದುಡ್ಡು ಕೊಡುವುದಿಲ್ಲ, ಅದು ಕೈಸಾಲವಾಗಿ ಬರುತ್ತದೆ, ಕೈಸಾಲದ ಬಡ್ಡಿ ನಿಮಗೇ ಗೊತ್ತು.

ಒಬ್ಬರು ಏಜೆಂಟ್ ಮನೆಗೆ ಬಂದಿದ್ದರು, ಬೆಂಗಳೂರಿನಲ್ಲಿ ಸೀಟು ಕೊಡಿಸುತ್ತಾರಂತೆ.

ಮಗು ಸೇರಿದರೆ ಅವರಿಗೆ ಕಾಲೇಜಿನಿಂದ ಕಮಿಷನ್ ಬರುತ್ತದೆ. ಆ ಕಮಿಷನ್ ಬರುವುದು ನೀವು ಕಟ್ಟುವ ಫೀಸಿನಿಂದಲೇ. ಏಜೆಂಟ್ ಕೈಗೆ ಒಂದು ರೂಪಾಯಿಯನ್ನೂ, ಒಂದು ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಕೊಡಬೇಡಿ. ನೇರವಾಗಿ ಕಾಲೇಜಿಗೇ ಹೋಗಿ.

ಬ್ಯಾಂಕಿನವರು ಜಮೀನು ಅಡ ಇಡಿ ಅನ್ನುತ್ತಾರಾ?

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನ ಬೇಕಿಲ್ಲ. 4 ಲಕ್ಷದವರೆಗೆ ನಿಮ್ಮ ಕೈಯಿಂದ ಮಾರ್ಜಿನ್ (ಖರ್ಚಿನಲ್ಲಿ ನಿಮ್ಮ ಪಾಲಿನ ದುಡ್ಡು) ಕೂಡ ಹಾಕಬೇಕಿಲ್ಲ. ಅಪ್ಪನೋ ಅಮ್ಮನೋ ಜೊತೆ ಸಾಲಗಾರರಾಗಿ ಸಹಿ ಹಾಕುತ್ತಾರೆ. ತೊಡಕು ಬರುವುದು ಅಲ್ಲೇ. ಅಪ್ಪನ ಹೆಸರಿನಲ್ಲಿ ಹಳೆಯ ಟ್ರ್ಯಾಕ್ಟರ್ ಸಾಲವೋ ಬೆಳೆ ಸಾಲವೋ ಬಾಕಿ ಬಿದ್ದಿದ್ದರೆ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ತೀರಿಸಿದ್ದಾರಾ ಅಂತ ತೋರಿಸುವ ಅಂಕ) ಕೆಟ್ಟಿರುತ್ತದೆ, ಫೈಲು ಮುಂದೆ ಹೋಗುವುದಿಲ್ಲ. ಹಾಗಾಗಿ ಪರೀಕ್ಷೆ ಬರೆಯುವ ಮೊದಲೇ, ಜನವರಿಯಲ್ಲೇ ಅದನ್ನು ನೋಡಿಕೊಳ್ಳಿ. ಅರ್ಜಿಯನ್ನು ಶಿಕ್ಷಣ ಸಾಲಕ್ಕೆ ಅಂತಲೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ. ಮ್ಯಾನೇಜರ್ ಬಾಯಲ್ಲೇ 'ಆಗಲ್ಲ' ಅಂದರೆ ಅದಕ್ಕೆ ದಾಖಲೆ ಇರುವುದಿಲ್ಲ, ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಗೆ ದಾಖಲೆ ಇರುತ್ತದೆ. ಆಗಲೂ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ ಕೇಳಬಹುದು. ಮ್ಯಾನೇಜ್‌ಮೆಂಟ್ ಸೀಟಾದರೆ ಸಾಲ ಸಿಗುತ್ತದಾ ಅಂತ ಅಡ್ವಾನ್ಸ್ ಕಟ್ಟುವ ಮೊದಲೇ ಕೇಳಿ, ಆಮೇಲಲ್ಲ.

ಇನ್ನೊಂದು ಮಾತು. ಪ್ರತಿ ವರ್ಷದ ಮಾರ್ಕ್ಸ್ ಕಾರ್ಡ್ ಕೊಟ್ಟ ಮೇಲೆಯೇ ಮುಂದಿನ ವರ್ಷದ ದುಡ್ಡು ಬರುತ್ತದೆ. ನನ್ನ ಎರಡನೇ ವರ್ಷದ ರಿಸಲ್ಟ್ ತಡವಾಗಿ, ಫೀಸು ಕಟ್ಟದೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಕಾಲೇಜಿನವರು ಕೂತಿದ್ದರು. ಅಮ್ಮನ ಬಳೆ ಗಿರವಿ ಅಂಗಡಿಗೆ ಹೋಯಿತು. ಮೂರು ತಿಂಗಳ ಫೀಸಿನಷ್ಟು ದುಡ್ಡು ಪಕ್ಕಕ್ಕಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಬಡ್ಡಿ ಸರ್ಕಾರವೇ ಕಟ್ಟುತ್ತದೆ ಅಂತಾರಲ್ಲ?

ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ಇದೆ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ, ಓದುವ ಅವಧಿ ಮತ್ತು ಓದು ಮುಗಿದ ಮೇಲಿನ ಒಂದು ವರ್ಷದ ಬಡ್ಡಿ ಮನ್ನಾ. ಮೇಲೆ ಲೆಕ್ಕ ಹಾಕಿದ ಆ 1 ಲಕ್ಷ 40 ಸಾವಿರ ಇದೆಯಲ್ಲ, ಅದು. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಸಾಲ ಮಾಡುವಾಗಲೇ ಕೊಡಬೇಕು. ಓದನ್ನು ಅರ್ಧಕ್ಕೆ ಬಿಟ್ಟರೆ ಸಿಗುವುದಿಲ್ಲ.

ಆದರೆ ಕಾಲೇಜಿಗೆ ಮಾನ್ಯತೆ ಇರಬೇಕು, ನರ್ಸಿಂಗ್‌ನಲ್ಲಿ ಅಂದರೆ ದೆಹಲಿಯ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಕರ್ನಾಟಕದಲ್ಲಿ ಇದು ಸೂಕ್ಷ್ಮ ವಿಷಯ. ರಾಜ್ಯದ ನರ್ಸಿಂಗ್ ಕೌನ್ಸಿಲ್ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಸಾಕೋ, ದೆಹಲಿಯ ಕೌನ್ಸಿಲ್ ಒಪ್ಪಿಗೆಯೂ ಬೇಕೋ ಅನ್ನುವ ಜಗಳ 2017ರಲ್ಲಿ ಹೈಕೋರ್ಟ್‌ವರೆಗೆ ಹೋಗಿತ್ತು. ಇಲ್ಲೇ ಕೆಲಸ ಮಾಡುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಬೇರೆ ರಾಜ್ಯಕ್ಕೋ ವಿದೇಶಕ್ಕೋ ಹೋಗುವವರಿಗೆ, ಬಡ್ಡಿ ಸಹಾಯಧನ ಬೇಕಾದವರಿಗೆ ತಟ್ಟುತ್ತದೆ. ಹಾಗಾಗಿ ಮೂರೂ ಪತ್ರಗಳನ್ನು, ಈ ವರ್ಷದವು, ಕಣ್ಣಾರೆ ನೋಡಿ. ಜಿಎನ್‌ಎಂ ಆದರೆ ವಿಶ್ವವಿದ್ಯಾಲಯದ ಬದಲು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ.

ಸ್ಕಾಲರ್‌ಶಿಪ್ ಏನೇನು ಸಿಗುತ್ತದೆ?

ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಅಂತ 2021ರಲ್ಲಿ ಶುರು ಮಾಡಿದ್ದರು. ನರ್ಸಿಂಗ್‌ಗೆ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000 ಅಂತ ನಿಗದಿ ಮಾಡಿದ್ದರು. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಹಾಕಲೇಬೇಕು. ಗಾರೆ ಕೆಲಸ ಮಾಡುವ ಅಪ್ಪನಿಗೆ ಲೇಬರ್ ಕಾರ್ಡ್ ಇದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಿಂದಲೂ ಬರುತ್ತದೆ. ಅರಿವು ಸಾಲ ಅಂತ ದೇವರಾಜ ಅರಸು ನಿಗಮದಲ್ಲೂ ಅಲ್ಪಸಂಖ್ಯಾತರ ನಿಗಮದಲ್ಲೂ ಇದೆ, ಬಡ್ಡಿ ಶೇ. 2 ಮಾತ್ರ. ಬ್ಯಾಂಕಿಗೆ ಹೋಗುವ ಮೊದಲು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ನಿಮ್ಮ ಜಿಲ್ಲೆಯ ನಿಗಮದ ಕಚೇರಿಗೆ ಒಂದು ಸಲ ಹೋಗಿ ಬನ್ನಿ. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ ಆಗಿರಬೇಕು, ಇಲ್ಲದಿದ್ದರೆ ಮಂಜೂರಾದ ದುಡ್ಡೂ ಬರುವುದಿಲ್ಲ.

ಹಾಸನದಲ್ಲೇ ಓದಲಾ, ಬೆಂಗಳೂರಿಗೆ ಹೋಗಲಾ?

ಊರಿನ ಹೆಸರು ನೋಡಬೇಡಿ, ಆಸ್ಪತ್ರೆ ನೋಡಿ. ಕಾಲೇಜಿನ ಮಕ್ಕಳು ಪೋಸ್ಟಿಂಗ್‌ಗೆ ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಹಾಸಿಗೆ ತುಂಬಿರುತ್ತದಾ, ಹೆರಿಗೆ ವಾರ್ಡ್ ಹೇಗಿದೆ? ಹಾಸನದ ಹಿಮ್ಸ್ (ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಥರದ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಕೈ ಪಳಗಿದವಳು ಎಲ್ಲಿ ಹೋದರೂ ಬದುಕುತ್ತಾಳೆ. ಐದನೇ ಮಹಡಿಯಲ್ಲಿ ಕ್ಲಾಸು, ಪಕ್ಕದಲ್ಲಿ ಇಪ್ಪತ್ತು ಹಾಸಿಗೆಯ ಆಸ್ಪತ್ರೆ ಇರುವ ಬೆಂಗಳೂರಿನ ಕಾಲೇಜಿಗಿಂತ ಅದು ಎಷ್ಟೋ ಮೇಲು. ಮನೆಯಿಂದ ಓಡಾಡಿದರೆ ಹಾಸ್ಟೆಲ್ ಖರ್ಚೂ ಉಳಿಯಿತು.

ಸರ್ಕಾರಿ ಕೆಲಸ ಸಿಕ್ಕರೆ ಎಲ್ಲ ಸರಿಹೋಗುತ್ತದಲ್ವಾ?

ಸಿಕ್ಕರೆ ಹೌದು. ಏಮ್ಸ್, ಇಎಸ್‌ಐ, ರೈಲ್ವೆ ಕೆಲಸಕ್ಕೆ 7ನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನವೇ 44,900. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ, ನರ್ಸಿಂಗ್ ಭತ್ಯೆ. ಖಾಸಗಿಯ ಮೂರು ಪಟ್ಟು. ಅದಕ್ಕೇ ಪೈಪೋಟಿಯೂ ಅಷ್ಟಿದೆ. ಪರೀಕ್ಷೆಗೆ ಖಂಡಿತ ಓದಿ, ನಾನು ಎಲ್ಲ ಹುಡುಗಿಯರಿಗೂ ಹೇಳುತ್ತೇನೆ. ಹುಡುಗರಿಗೆ ಒಂದು ಮಾತು: ನಾರ್ಸೆಟ್‌ನಲ್ಲಿ ನೂರಕ್ಕೆ 80 ಹುದ್ದೆ ಮಹಿಳೆಯರಿಗೆ, ನಿಮಗೆ ಉಳಿಯುವುದು 20. ಅದನ್ನು ತಿಳಿದುಕೊಂಡೇ ಸಾಲದ ಮೊತ್ತ ತೀರ್ಮಾನಿಸಿ. ಗುತ್ತಿಗೆ ಕೆಲಸವನ್ನು ಮಾತ್ರ ಸರ್ಕಾರಿ ಕೆಲಸ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಜರ್ಮನಿಗೆ ಹೋದರೆ ಒಂದೇ ವರ್ಷದಲ್ಲಿ ಸಾಲ ತೀರುತ್ತದೆ ಅಂತ ಹೇಳುತ್ತಾರೆ.

ಹೋದವರಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಜರ್ಮನಿಯಲ್ಲಿ ನರ್ಸ್ ಅಂತ ಪೂರ್ತಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ (ಸರಾಗವಾಗಿ ಮಾತಾಡುವಷ್ಟು) ಜರ್ಮನ್ ಭಾಷೆ ಬೇಕು. ಅಷ್ಟು ಕಲಿಯಲು ವರ್ಷದ ಹತ್ತಿರ ಹಿಡಿಯುತ್ತದೆ, ಆ ಹೊತ್ತಿಗೆ ಇಲ್ಲಿ ಕಂತು ಶುರುವಾಗಿರುತ್ತದೆ. ಇಂಗ್ಲೆಂಡಿಗೆ ಇಂಗ್ಲಿಷ್ ಪರೀಕ್ಷೆ, ಅವರದೇ ನರ್ಸಿಂಗ್ ಪರೀಕ್ಷೆಗಳು. ಗಲ್ಫ್‌ಗೆ ಆಯಾ ದೇಶದ ಲೈಸೆನ್ಸ್ ಪರೀಕ್ಷೆ, ಜೊತೆಗೆ ಅನುಭವ.

ಲಕ್ಷಗಟ್ಟಲೆ ಕೇಳುವ ಏಜೆನ್ಸಿಯಿಂದ ದೂರ ಇರಿ. ನಮ್ಮ ದೇಶದ ನಿಯಮದಲ್ಲಿ ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಇಂಗ್ಲೆಂಡಿನ ನೇಮಕಾತಿ ಸಂಹಿತೆಯಲ್ಲಿ ನರ್ಸ್ ಕೈಯಿಂದ ದುಡ್ಡು ತೆಗೆದುಕೊಳ್ಳಲೇಬಾರದು ಅಂತಿದೆ. ಓದಿನ ಸಾಲದ ಮೇಲೆ ವಿದೇಶದ ಸಾಲ ಹೇರಿಕೊಂಡವರ ಮನೆಗಳನ್ನು ನೋಡಿದ್ದೇನೆ, ನಿಮ್ಮ ಮನೆ ಹಾಗಾಗುವುದು ಬೇಡ.

ಮದುವೆ ಆದರೆ ಸಾಲ ಯಾರು ಕಟ್ಟುವುದು?

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಮೆಲ್ಲಗೆ ಕೇಳುತ್ತಾರೆ. ಸಾಲ ಹುಡುಗಿಯ ಹೆಸರಿನಲ್ಲೇ ಇರುತ್ತದೆ, ಮದುವೆಯಾದರೂ ಅವಳದೇ. ಸಂಬಂಧ ನೋಡುವಾಗಲೇ, ಗಂಡಿನ ಮನೆಯವರ ಮುಂದೆ, ಇಷ್ಟು ಸಾಲ ಇದೆ, ಅವಳು ಕೆಲಸ ಬಿಡುವುದಿಲ್ಲ ಅಂತ ಹೇಳಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಕಷ್ಟ ಅನುಭವಿಸುವವಳು ಮಗಳು. ಮದುವೆ ಖರ್ಚಿನಲ್ಲಿ ಛತ್ರ, ಶಾಮಿಯಾನ ಸ್ವಲ್ಪ ಕಡಿಮೆ ಮಾಡಿ ಒಂದು ಲಕ್ಷ ಸಾಲಕ್ಕೆ ಕಟ್ಟಿ ಕಳಿಸಿದ ಒಬ್ಬ ಅಪ್ಪನನ್ನು ನಾನು ಬಲ್ಲೆ, ಆ ಹುಡುಗಿ ಇವತ್ತಿಗೂ ಅದನ್ನು ನೆನೆಸುತ್ತಾಳೆ. ಬಡ್ಡಿ ದರ ಫ್ಲೋಟಿಂಗ್ (ಆಗಾಗ ಏರಿಳಿಯುವಂಥದ್ದು) ಆಗಿದ್ದರೆ ಮುಂಚೆ ತೀರಿಸಿದ್ದಕ್ಕೆ ಬ್ಯಾಂಕ್ ದಂಡ ಹಾಕುವ ಹಾಗಿಲ್ಲ.

ಕಂತು ಕಟ್ಟಲು ಆಗದಿದ್ದರೆ?

ತಪ್ಪಿಸಿಕೊಂಡು ಓಡಾಡಬೇಡಿ. 90 ದಿನ ದಾಟಿದರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ನಿಮ್ಮದೂ ಅಪ್ಪನದೂ ಸಿಬಿಲ್ ಕೆಡುತ್ತದೆ. ಆಮೇಲೆ ಅಪ್ಪನಿಗೆ ಬೆಳೆ ಸಾಲ ಸಿಗುವುದೂ ಕಷ್ಟ. ಮೊದಲ ಕಂತು ತಪ್ಪುವ ಮೊದಲೇ ಸ್ಯಾಲರಿ ಸ್ಲಿಪ್ ಹಿಡಿದುಕೊಂಡು ಬ್ರಾಂಚಿಗೆ ಹೋಗಿ, ಅವಧಿ ಹೆಚ್ಚಿಸಿ ಅಂತ ಬರೆದು ಕೊಡಿ. 15 ವರ್ಷದವರೆಗೆ ಅವಕಾಶ ಇದೆ.

ಕಾಲೇಜು ನೋಡಲು ಹೋದಾಗ ಏನು ಮಾಡಲಿ?

ಪ್ರಿನ್ಸಿಪಾಲರ ಕೋಣೆಯಲ್ಲಿ ಹತ್ತು ನಿಮಿಷ ಕೂತರೆ ಸಾಕು. ಮಿಕ್ಕ ಹೊತ್ತು ಹಾಸ್ಟೆಲ್ ಗೇಟಿನ ಹತ್ತಿರ ಕಳೆಯಿರಿ. ಕೊನೆಯ ವರ್ಷದ ಹುಡುಗಿಯರು ಪೋಸ್ಟಿಂಗ್ ಮುಗಿಸಿ ಸಂಜೆ ಬಸ್ಸಿನಿಂದ ಇಳಿಯುತ್ತಾರಲ್ಲ, ಅವರನ್ನು ನಿಲ್ಲಿಸಿ ಮಾತಾಡಿಸಿ. ಹೋದ ವರ್ಷ ಮುಗಿಸಿದ ಅಕ್ಕಂದಿರು ಈಗ ಎಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತಿದೆ, ಸರ್ಟಿಫಿಕೇಟ್ ವಾಪಸ್ ಕೊಟ್ಟರಾ, ಇಷ್ಟು ವರ್ಷ ಇಲ್ಲೇ ದುಡಿಯಬೇಕು ಅಂತ ಬಾಂಡ್ ಬರೆಸಿಕೊಂಡರಾ ಅಂತ ಕೇಳಿ. ಇಬ್ಬರು ಮೂವರ ಫೋನ್ ನಂಬರ್ ತೆಗೆದುಕೊಂಡು ಆ ಅಕ್ಕಂದಿರಿಗೇ ಫೋನ್ ಮಾಡಿ. ಭಾನುವಾರ ಮಧ್ಯಾಹ್ನ ಮಾಡಿ, ನೈಟ್ ಡ್ಯೂಟಿ ಮುಗಿಸಿದವರು ಬೆಳಿಗ್ಗೆ ಮಲಗಿರುತ್ತಾರೆ.